ಕಾಯಿಲೆಯ ಮನೆಯಲ್ಲಿ ಮಲಗುವ ಹೊತ್ತಿನ ಕತೆ

ಅಪ್ಪನಿಗೋ ಅಮ್ಮನಿಗೋ ದೀರ್ಘಕಾಲದ ಕಾಯಿಲೆ ಬಂದ ಮನೆಗಳಲ್ಲಿ, ರಾತ್ರಿ ಮಲಗುವ ಮುನ್ನ ಎಲ್ಲರೂ ಒಂದೆಡೆ ಕೂತು ಮಕ್ಕಳಿಗೆ ಕತೆ ಓದುವ ರೂಢಿಯನ್ನು ಆಪ್ತಸಲಹೆಗಾರರು ಬಹಳ ಸಲ ಶಿಫಾರಸು ಮಾಡುತ್ತಾರೆ. ಈ ಶಿಫಾರಸಿನ ಹಿಂದೆ ಎರಡು ಬೇರೆ ಬೇರೆ ನಿರೀಕ್ಷೆಗಳಿರುತ್ತವೆ. ಆಸ್ಪತ್ರೆ, ರಿಪೋರ್ಟು, ನೆಂಟರ ಫೋನು ಎಂದು ಹಗಲೆಲ್ಲ ಅಸ್ತವ್ಯಸ್ತವಾದ ಮನೆಗೆ ರಾತ್ರಿಯ ಅರ್ಧ ಗಂಟೆಯಾದರೂ ಹಳೆಯ ಕ್ರಮ ಮರಳಲಿ ಎಂಬುದು ಒಂದು. ಬಾಯಿಬಿಟ್ಟು ಹೇಳಲಾಗದ ಸಂಗತಿಯನ್ನು ಕತೆಯೇ ಮಗುವಿಗೆ ಹೇಳಿಬಿಡಲಿ ಎಂಬುದು ಇನ್ನೊಂದು. ಮೊದಲನೆಯದು ಹುಸಿಯಾಗುವುದು ಅಪರೂಪ. ಎರಡನೆಯದು ಈಡೇರುವುದು ಅಪರೂಪ. ಕತೆಗಳನ್ನು ಆರಿಸುವಾಗ, ಅವನ್ನು ಓದುವಾಗ ಈ ವ್ಯತ್ಯಾಸ ಮರೆತರೆ ಒಳ್ಳೆಯ ಕತೆಯ ತಲೆಯ ಮೇಲೂ ಅದು ಹೊರಲಾಗದ ಹೊರೆ ಬೀಳುತ್ತದೆ.

ಮಗುವಿಗೆ ಏನೂ ಗೊತ್ತಿಲ್ಲ ಎಂದು ದೊಡ್ಡವರು ನಂಬಿಕೊಂಡಿರುವಾಗಲೇ ಅದಕ್ಕೆ ಸಾಕಷ್ಟು ಗೊತ್ತಾಗಿರುತ್ತದೆ. ಬೆಳಗ್ಗೆ ಎದ್ದರೆ ಅಡುಗೆಮನೆಯಲ್ಲಿ ಅಮ್ಮನ ಬದಲು ದೊಡ್ಡಮ್ಮ. ಫೋನ್ ಬಂದರೆ ಅಪ್ಪ ಮಹಡಿಗೆ ಹೋಗಿ ಮಾತಾಡುತ್ತಾನೆ. ಅಮ್ಮನ ಬಾಚಣಿಗೆ ತುಂಬ ಕೂದಲು. ಅತ್ತ ಯಾರೋ ‘ಇನ್ನು ಕರೆಂಟು ಕೊಡಿಸಬೇಕಂತೆ’ ಎನ್ನುತ್ತಾರೆ. ಜನ ವಿಕಿರಣ ಚಿಕಿತ್ಸೆಗೆ ಹೇಳುವ ಮಾತು ಅದು; ಪ್ಲಗ್ಗಿಗೆ ಬೆರಳಿಡಬೇಡ ಎಂದು ಬೈಸಿಕೊಂಡೇ ಬೆಳೆದ ಐದು ವರ್ಷದ ಮಗು ಅದನ್ನು ಕೇಳಿ ಏನು ಕಲ್ಪಿಸಿಕೊಂಡೀತು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಮಕ್ಕಳು ಸಾವನ್ನು ಹೇಗೆ ಅರ್ಥ ಮಾಡಿಕೊಳ್ಳುತ್ತಾರೆ ಎಂಬುದರ ಬಗ್ಗೆ ಹಂಗೆರಿಯ ಮನಶ್ಶಾಸ್ತ್ರಜ್ಞೆ ಮರಿಯಾ ನಾಗಿ 1948ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಈಗಲೂ ನೆನೆಯಲಾಗುತ್ತದೆ. ಐದರ ಒಳಗಿನ ಮಗುವಿಗೆ ಸಾವೆಂದರೆ ಮರಳಿ ಬರಬಹುದಾದ ಪ್ರಯಾಣ, ಇಲ್ಲವೇ ನಿದ್ದೆ. ಐದರಿಂದ ಒಂಬತ್ತರವರೆಗೆ ಸಾವು ಬಂದು ಎತ್ತಿಕೊಂಡು ಹೋಗುವ ಒಬ್ಬ ವ್ಯಕ್ತಿ. ಆಮೇಲಷ್ಟೇ ಅದು ಎಲ್ಲರಿಗೂ ಬರುವ, ತಿರುಗಿ ಬಾರದ ಕೊನೆ. ಸಾವು ವ್ಯಕ್ತಿಯ ರೂಪ ತಳೆಯುವ ನಡುವಿನ ಹಂತ ಬೇರೆ ದೇಶಗಳ ಮಕ್ಕಳಲ್ಲಿ ಅಷ್ಟು ಸ್ಪಷ್ಟವಾಗಿ ಕಾಣಲಿಲ್ಲ. ಆದರೆ ತಿಳಿವಳಿಕೆ ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ ಎಂಬ ಮಾತು ಬಹುಮಟ್ಟಿಗೆ ಉಳಿದಿದೆ. ನಾಲ್ಕು ವರ್ಷದ ತಮ್ಮನೂ ಹತ್ತು ವರ್ಷದ ಅಕ್ಕನೂ ಒಂದೇ ಹೊದಿಕೆಯಡಿ ಕೂತು ಒಂದೇ ಕತೆ ಕೇಳುವಾಗ ಅವರು ಕೇಳುತ್ತಿರುವುದು ಎರಡು ಕತೆ.

ವಯಸ್ಸು ಯಾವುದಾದರೂ, ಕಾಯಿಲೆಯ ಮನೆಯ ಮಕ್ಕಳ ಎದೆಯಲ್ಲಿ ಮೂರು ಪ್ರಶ್ನೆಗಳಿರುತ್ತವೆ ಎಂದು ಇಂಥ ಕುಟುಂಬಗಳೊಡನೆ ಕೆಲಸ ಮಾಡುವವರು ಹೇಳುತ್ತಾರೆ. ಇದು ನನ್ನಿಂದ ಆಯಿತಾ? ನನಗೂ ಅಂಟುತ್ತದಾ? ಇನ್ನು ನನ್ನನ್ನು ಯಾರು ನೋಡಿಕೊಳ್ಳುತ್ತಾರೆ? ಮಕ್ಕಳು ಇವನ್ನು ಹೀಗೆ ನೇರವಾಗಿ ಕೇಳುವುದಿಲ್ಲ. ‘ಸೋಮವಾರ ನಂಗೆ ಜಡೆ ಯಾರು ಹಾಕ್ತಾರೆ?’ ಎಂದರೆ ಅದು ಮೂರನೆಯ ಪ್ರಶ್ನೆ. ಅಮ್ಮ ಕುಡಿದಿಟ್ಟ ಲೋಟವನ್ನು ಮುಟ್ಟದೆ ದೂರ ಸರಿದರೆ ಅದು ಎರಡನೆಯದು. ಮೊದಲನೆಯದು ಬಾಯಿಗೆ ಬರುವುದೇ ಇಲ್ಲ. ಹಟ ಮಾಡುತ್ತಿದ್ದ ಮಗು ಇದ್ದಕ್ಕಿದ್ದಂತೆ ಅತಿ ವಿಧೇಯವಾದಾಗ ಅದು ಅಲ್ಲಿದೆ ಎಂದು ತಿಳಿಯಬೇಕು.

ಇವಕ್ಕೆ ಉತ್ತರ ಕೊಡಬೇಕಾದವರು ಅಪ್ಪ ಅಮ್ಮ, ಕತೆಯಲ್ಲ. ಕಾಯಿಲೆಯ ಹೆಸರು, ಔಷಧದಿಂದ ಮೈಮೇಲೆ ಏನೇನು ಬದಲಾಗಬಹುದು, ಶಾಲೆಯಿಂದ ಕರೆದುಕೊಂಡು ಬರುವವರು ಯಾರು — ಇಷ್ಟನ್ನು ಹಗಲು ಹೊತ್ತಿನಲ್ಲಿ, ಎರಡು ಮೂರು ಸರಳ ವಾಕ್ಯಗಳಲ್ಲಿ ಹೇಳುವುದೇ ಸರಿ. ಸುದ್ದಿಯನ್ನು ಕತೆಯ ಕೈಲಿ ಕಳಿಸುವುದರಲ್ಲಿ ಎರಡು ಅಪಾಯಗಳಿವೆ. ಒಂದು, ಸುದ್ದಿ ಮುಟ್ಟದೆಯೇ ಹೋಗುವುದು. ಮೊಲದ ಅಮ್ಮನಿಗೆ ಹುಷಾರಿಲ್ಲ ಎಂದರೆ ಆರು ವರ್ಷದ ಮಗುವಿಗೆ ಮೊಲದ ಅಮ್ಮನಿಗೆ ಹುಷಾರಿಲ್ಲ, ಅಷ್ಟೇ. ಎರಡನೆಯದು ಇನ್ನೂ ಕೆಟ್ಟದ್ದು: ಸುದ್ದಿ ಮುಟ್ಟಿಬಿಡುವುದು. ಕತೆಯೊಳಗೆ ಏನೋ ಅಡಗಿಸಿಟ್ಟಿದ್ದಾರೆ ಎಂದು ಒಮ್ಮೆ ಪತ್ತೆಮಾಡಿದ ಮಗು ಮರುದಿನದಿಂದ ಪ್ರತಿ ಕತೆಯನ್ನೂ ಅನುಮಾನದಿಂದ ಕೇಳುತ್ತದೆ. ಮನೆಯಲ್ಲಿ ಉಳಿದಿದ್ದ ಒಂದು ನಿಶ್ಚಿಂತೆಯ ಜಾಗವೂ ಹೋಯಿತು. ಮೇಲಾಗಿ, ಹೇಳಿದ ಕೂಡಲೆ ದೀಪ ಆರಿಸುವ ಹೊತ್ತು ಅದು. ಉಳಿದ ಪ್ರಶ್ನೆಗಳನ್ನು ಮಗು ಕತ್ತಲಲ್ಲಿ ಒಂಟಿಯಾಗಿ ಎದುರಿಸಬೇಕು. ಅಜ್ಜ ‘ನಿದ್ದೆ ಹೋದರು’ ಎಂಬ ನಯದ ಮಾತು ಕೇಳಿದ ಮಕ್ಕಳು ಆಮೇಲೆ ಮಲಗಲು ಹೆದರುವುದುಂಟು. ಮಲಗುವ ಹೊತ್ತಿನ ಕತೆಯಲ್ಲಿ ಆ ನಯ ಇನ್ನೂ ದುಬಾರಿ.

ಹೇಳದೆ ಉಳಿದದ್ದು ಏನಾಗುತ್ತದೆ ಎಂಬುದಕ್ಕೆ ಕನ್ನಡದ ಒಂದು ಜನಪದ ಕತೆಯೇ ಇದೆ. ಎ. ಕೆ. ರಾಮಾನುಜನ್ ಇಂಗ್ಲಿಷಿನಲ್ಲಿ ಸಂಪಾದಿಸಿ 1991ರಲ್ಲಿ ಹೊರತಂದ ಭಾರತೀಯ ಜನಪದ ಕತೆಗಳ ಸಂಕಲನದಲ್ಲಿ ಅದು ಸೇರಿದೆ. ಒಬ್ಬ ಹೆಂಗಸಿಗೆ ಒಂದು ಕತೆ, ಒಂದು ಹಾಡು ಗೊತ್ತು, ಯಾರಿಗೂ ಹೇಳಳು. ಉಸಿರುಕಟ್ಟಿದ ಅವೆರಡೂ ಒಂದು ದಿನ ಹೊರಬಿದ್ದು ಬಾಗಿಲ ಬಳಿ ಜೋಡಾಗಿ, ಕೋಟಾಗಿ ಕೂರುತ್ತವೆ. ಗಂಡ ಯಾರದು ಇವು ಎಂದು ಜಗಳ ತೆಗೆದು, ಕಂಬಳಿ ಹೊತ್ತು ಹನುಮಂತನ ಗುಡಿಗೆ ಹೋಗಿ ಮಲಗುತ್ತಾನೆ. ರಾತ್ರಿ ಅಲ್ಲಿ ಸೇರಿದ ಊರಿನ ದೀಪಗಳ ಹರಟೆಯಿಂದ ಅವನಿಗೆ ನಿಜ ತಿಳಿಯುತ್ತದೆ. ಮನೆಗೆ ಬಂದು ಕೇಳಿದರೆ ಅವಳಿಗೆ ಕತೆಯೂ ನೆನಪಿಲ್ಲ, ಹಾಡೂ ಇಲ್ಲ. ಗಿರೀಶ ಕಾರ್ನಾಡರ ‘ನಾಗಮಂಡಲ’ದ ಆರಂಭಕ್ಕೆ ಒದಗಿಬಂದದ್ದು ಇದೇ. ಕಾಯಿಲೆಯನ್ನು ಮುಚ್ಚಿಟ್ಟ ಮನೆಗಳಲ್ಲಿಯೂ ಹೇಳದ ಮಾತು ಬಾಗಿಲ ಬಳಿ ಬೇರೆ ರೂಪದಲ್ಲಿ ಬಂದು ಕೂರುತ್ತದೆ: ಹಾಸಿಗೆಯಲ್ಲಿ ಉಚ್ಚೆ, ಹೊಟ್ಟೆನೋವು, ಶಾಲೆಗೆ ಹೋಗೆನೆಂಬ ರಂಪ.

ಹೇಳುವುದನ್ನು ಹೇಳಿಯಾದ ಮೇಲೆ ಕತೆಯ ಕೆಲಸ ಶುರು. ಕನ್ನಡ ಮಕ್ಕಳ ಮಟ್ಟಿಗೆ ಅಮ್ಮ ಸಾಯಲು ಹೊರಟ ಕತೆ ಹೊಸದೇನಲ್ಲ. ತಲೆಮಾರುಗಳಿಂದ ತೊಟ್ಟಿಲ ಪಕ್ಕದಲ್ಲಿ, ಶಾಲೆಯ ಪಾಠದಲ್ಲಿ ಕೇಳಿ ಬಂದಿರುವ ‘ಗೋವಿನ ಹಾಡು’ ಅದೇ. ಪುಣ್ಯಕೋಟಿ ಎಂಬ ಹಸುವಿನ ಈ ಹಾಡನ್ನು ಸತ್ಯದ ಮಹಿಮೆಗೆಂದು ಓದಿಸುವುದು ವಾಡಿಕೆ. ಕಾಯಿಲೆಯ ಮನೆಯಲ್ಲಿ ಕೂತು ಓದಿದರೆ ಬೇರೆಯೇ ಸಂಗತಿಗಳು ಎದ್ದು ಬರುತ್ತವೆ. ಹುಲಿಗೆ ಮಾತು ಕೊಟ್ಟು ದೊಡ್ಡಿಗೆ ಮರಳಿದ ಹಸು ಕರುವಿಗೆ ಸುಳ್ಳು ಹೇಳುವುದಿಲ್ಲ. ಮೇಯಲು ಹೋಗಿ ಬರುತ್ತೇನೆ ಎನ್ನಬಹುದಿತ್ತು, ಎನ್ನುವುದಿಲ್ಲ. ಸಾಯಲು ಹೋಗುತ್ತಿದ್ದೇನೆ ಎಂದೇ ಹೇಳುತ್ತದೆ. ಕರು ಅದಕ್ಕೆ ಕೊಡುವ ಉತ್ತರದಲ್ಲಿ ತತ್ತ್ವ ಇಲ್ಲ. ಹಾಲು ಯಾರ ಹತ್ತಿರ ಕುಡಿಯಲಿ, ರಾತ್ರಿ ಯಾರ ಪಕ್ಕ ಮಲಗಲಿ ಎಂಬ ಲೆಕ್ಕಾಚಾರ ಅದರದ್ದು. ಮೇಲೆ ಹೇಳಿದ ಮೂರನೆಯ ಪ್ರಶ್ನೆ, ಯಾವ ಆಪ್ತಸಲಹೆಗಾರರೂ ಇಲ್ಲದ ಕಾಲದಲ್ಲಿ, ಒಂದು ಕರುವಿನ ಬಾಯಲ್ಲಿ ಇಷ್ಟು ನಿಖರವಾಗಿ ಬಂದಿದೆ. ಹಸು ಕೊಡುವ ಉತ್ತರವೂ ಅಷ್ಟೇ ಪ್ರಾಯೋಗಿಕ. ಸಮಾಧಾನದ ಮಾತಿಗೆ ನಿಲ್ಲದೆ ದೊಡ್ಡಿಯ ಉಳಿದ ಹಸುಗಳ ಕಡೆ ತಿರುಗಿ, ತಬ್ಬಲಿ ಎದುರಿಗೆ ಬಂದರೆ ಹಾಯಬೇಡಿ, ಹಿಂದೆ ಬಂದರೆ ಒದೆಯಬೇಡಿ, ನಿಮ್ಮ ಮಕ್ಕಳಂತೆ ನೋಡಿಕೊಳ್ಳಿ ಎಂದು ಒಪ್ಪಿಸುತ್ತದೆ. ಕರುವಿನ ಎದುರಿಗೇ ಈ ಒಪ್ಪಿಸುವಿಕೆ ನಡೆಯುತ್ತದೆ ಎಂಬುದು ಮುಖ್ಯ. ನಮ್ಮ ಮನೆಗಳಲ್ಲಿ ‘ಮಕ್ಕಳನ್ನು ನೀನೇ ನೋಡ್ಕೋಬೇಕಕ್ಕ’ ಎಂಬ ಮಾತು ಆಗುವುದು ಆಸ್ಪತ್ರೆಯ ಕಾರಿಡಾರಿನಲ್ಲಿ, ಮಕ್ಕಳಿಲ್ಲದಾಗ.

ಈ ಹಾಡಿನ ತೊಡಕು ಕೊನೆಯಲ್ಲಿದೆ. ಹಸುವಿನ ಸತ್ಯಕ್ಕೆ ಮನಕರಗಿದ ಹುಲಿ ತಾನೇ ಪ್ರಾಣ ಬಿಡುತ್ತದೆ; ಅಮ್ಮ ಮನೆಗೆ ಬರುತ್ತಾಳೆ. ಎಲ್ಲರೂ ಗಟ್ಟಿಯಾಗಿರುವ ಮನೆಯಲ್ಲಿ ಇದು ನೆಮ್ಮದಿಯ ಮುಕ್ತಾಯ. ಅಮ್ಮ ಹಾಸಿಗೆ ಹಿಡಿದ ಮನೆಯಲ್ಲಿ ಮಗು ಇದರಿಂದ ತೆಗೆಯುವ ಪಾಠ ಬೇರೆ: ಒಳ್ಳೆಯವಳಾದ್ದರಿಂದ ಉಳಿದಳು. ಹಾಗಾದರೆ ಉಳಿಯದ ಅಮ್ಮ? ಅಥವಾ, ಸುಳ್ಳು ಹೇಳಿದ ನನ್ನಿಂದಾಗಿ ಉಳಿಯದವಳು? ‘ಇದು ನನ್ನಿಂದ ಆಯಿತಾ’ ಎಂಬ ಪ್ರಶ್ನೆಗೆ ಈ ಮುಕ್ತಾಯ ತುಪ್ಪ ಸುರಿಯುತ್ತದೆ. ಇನ್ನೊಂದು ತೊಡಕೂ ಇದೆ. ಹಸು ಸಾವಿನ ಕಡೆ ತಾನಾಗಿ ನಡೆದು ಹೋಗುತ್ತದೆ, ಮಾತಿಗಾಗಿ ಕರುವನ್ನು ಬಿಟ್ಟು ಹೋಗುತ್ತದೆ. ಅಮ್ಮ ಬ್ಯಾಗು ಹಿಡಿದು ಆಸ್ಪತ್ರೆಗೆ ಹೊರಡುವುದನ್ನು ನೋಡಿದ ಮಗುವಿಗೆ ಅದೂ ಆಕೆಯೇ ಆರಿಸಿಕೊಂಡ ಹಾದಿಯಂತೆ ಕಂಡೀತು. ಹಾಗೆಂದು ಕೊನೆಯನ್ನು ಬದಲಿಸಿ ಹಾಡುವುದು ಜಾಣತನವಲ್ಲ. ಮಕ್ಕಳಿಗೆ ಬಾಯಿಪಾಠವಾದ ಹಾಡು ಅದು, ಕೂಡಲೆ ತಿದ್ದುತ್ತಾರೆ. ಹುಲಿಗೆ ನಾಚಿಕೆಯಾಯಿತು, ಕಾಯಿಲೆಗೆ ನಾಚಿಕೆ ಇಲ್ಲ, ಅದಕ್ಕೇ ಔಷಧಿ ಬೇಕು — ಹಾಡು ಮುಗಿದ ಮೇಲೆ ಇಷ್ಟು ಹೇಳಿದರೆ ಸಾಕು. ಅಷ್ಟು ಹೇಳಲು ಸಿದ್ಧರಿರುವ ಮನೆಗೆ ‘ಗೋವಿನ ಹಾಡಿ’ಗಿಂತ ಒಳ್ಳೆಯದನ್ನು ಹುಡುಕಬೇಕಿಲ್ಲ.

ಮುಕ್ತಾಯದ ಇದೇ ತೊಡಕು ದೂರದ ಇನ್ನೊಂದು ಪ್ರಸಿದ್ಧ ಕೃತಿಯಲ್ಲಿಯೂ ಇದೆ. ಸಿ. ಎಸ್. ಲೂಯಿಸರ ‘ದ ಮೆಜಿಶಿಯನ್ಸ್ ನೆಫ್ಯೂ’ (1955) ಕಾದಂಬರಿಯ ಡಿಗರಿ ಎಂಬ ಹುಡುಗನ ತಾಯಿ ಸಾವಿನ ಅಂಚಿನಲ್ಲಿದ್ದಾಳೆ. ಮಾಯಾಲೋಕದ ತೋಟದಿಂದ ಸೇಬನ್ನು ಕದ್ದು ಅಮ್ಮನಿಗೆ ಕೊಡು ಎಂದು ಮಾಟಗಾತಿ ಆಸೆ ಹುಟ್ಟಿಸುತ್ತಾಳೆ. ಹುಡುಗ ಕದಿಯುವುದಿಲ್ಲ, ಅವನ ಪ್ರಾಮಾಣಿಕತೆಗೆ ಬೇರೆ ಸೇಬು ದಕ್ಕುತ್ತದೆ, ತಾಯಿ ಬದುಕುತ್ತಾಳೆ. ಲೂಯಿಸರ ಸ್ವಂತ ತಾಯಿ 1908ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡಾಗ ಅವರಿಗೆ ಒಂಬತ್ತು ವರ್ಷ. ಅರ್ಧ ಶತಮಾನದ ಹತ್ತಿರ ಕಳೆದ ಮೇಲೆ ಬರೆದ ಈ ಪುಸ್ತಕದಲ್ಲಿ, ತಮಗೆ ಆಗದೆ ಹೋದದ್ದನ್ನು ಅವರು ಡಿಗರಿಗೆ ಮಾಡಿಕೊಟ್ಟಂತಿದೆ. ಓದುಗನಿಗೆ ಅದು ಮನಮುಟ್ಟುತ್ತದೆ. ಆದರೆ ಒಳ್ಳೆಯ ನಡತೆಗೆ ಅಮ್ಮನ ಜೀವ ಬಹುಮಾನವಾಗಿ ಸಿಗುವ ಕತೆ, ಚಿಕಿತ್ಸೆ ನಡೆಯುತ್ತಿರುವ ಮನೆಯ ಎಂಟು ವರ್ಷದ ಮಗುವಿಗೆ ತಕ್ಕದ್ದಲ್ಲ. ಹದಿನಾಲ್ಕಕ್ಕೆ ಓದಬಹುದು.

ಸೂಸನ್ ವಾರ್ಲಿ ಬರೆದು ಚಿತ್ರಿಸಿದ ‘ಬ್ಯಾಜರ್ಸ್ ಪಾರ್ಟಿಂಗ್ ಗಿಫ್ಟ್ಸ್’ (1984) ಸಾವಿನ ಬಗ್ಗೆ ಮಕ್ಕಳಿಗೆ ಓದಿಸುವ ಪುಸ್ತಕಗಳ ಪಟ್ಟಿಯಲ್ಲಿ ತಪ್ಪದೆ ಬರುತ್ತದೆ. ಮುದಿ ಬ್ಯಾಜರ್ ಸಾಯುತ್ತದೆ; ಗೆಳೆಯರು ಒಬ್ಬೊಬ್ಬರಾಗಿ ಅದು ತಮಗೆ ಕಲಿಸಿದ್ದನ್ನು ನೆನೆಯುತ್ತಾರೆ. ಕಾಗದ ಮಡಚಿ ಗೊಂಬೆಗಳ ಸಾಲು ಕತ್ತರಿಸುವುದು, ಹಿಮದ ಮೇಲೆ ಜಾರುವುದು, ನರಿಗೆ ಟೈ ಕಟ್ಟಿಕೊಳ್ಳುವುದು. ಸತ್ತವರು ಬಿಟ್ಟು ಹೋಗುವುದು ಇಂಥ ಸಣ್ಣ ಕೈಗೆಲಸಗಳನ್ನೇ ಎಂಬುದನ್ನು ಈ ಪುಸ್ತಕ ಭಾಷಣವಿಲ್ಲದೆ ತೋರಿಸುತ್ತದೆ. ಅಜ್ಜ ಅಜ್ಜಿ ತೀರಿಕೊಂಡ ಮನೆಗೆ ಇದು ಹೇಳಿ ಮಾಡಿಸಿದಂತಿದೆ. ಮೂವತ್ತೈದರ ಅಮ್ಮನ ಕಾಯಿಲೆಗೆ ಒಗ್ಗುವುದಿಲ್ಲ, ಏಕೆಂದರೆ ಬ್ಯಾಜರ್ ತುಂಬು ಬಾಳು ಬಾಳಿ, ಸಾವಿಗೆ ಅಂಜದೆ, ಗೆಳೆಯರಿಗೆ ಪತ್ರ ಬರೆದಿಟ್ಟು ಹೋಗುತ್ತದೆ. ಅಕಾಲದ ಅನ್ಯಾಯ ಎಂಬುದು ಈ ಪುಸ್ತಕದಲ್ಲಿ ಇಲ್ಲ. ಮಗುವಿನ ಸಿಟ್ಟಿಗೂ ಅಲ್ಲಿ ಜಾಗವಿಲ್ಲ.

ಆ ಸಿಟ್ಟಿಗೆ ಜಾಗ ಕೊಟ್ಟದ್ದು ‘ಎ ಮಾನ್‌ಸ್ಟರ್ ಕಾಲ್ಸ್’ (2011). ಇದರ ಮೂಲ ಕಲ್ಪನೆ ಶಿವಾನ್ ಡೌಡ್ ಎಂಬ ಲೇಖಕಿಯದು. ಸ್ತನ ಕ್ಯಾನ್ಸರಿನಿಂದ ಆಕೆ 2007ರಲ್ಲಿ ತೀರಿಕೊಂಡ ಮೇಲೆ ಪ್ಯಾಟ್ರಿಕ್ ನೆಸ್ ಕಾದಂಬರಿ ಬರೆದರು, ಜಿಮ್ ಕೇ ಚಿತ್ರ ಬಿಡಿಸಿದರು. 2012ರಲ್ಲಿ ಬ್ರಿಟನ್ನಿನ ಕಾರ್ನೆಗಿ ಪದಕ ಬರವಣಿಗೆಗೂ ಕೇಟ್ ಗ್ರೀನವೇ ಪದಕ ಚಿತ್ರಗಳಿಗೂ ಬಂದವು. ಒಂದೇ ಪುಸ್ತಕಕ್ಕೆ ಎರಡೂ ಸಿಕ್ಕಿದ್ದು ಅದೇ ಮೊದಲು. ಹದಿಮೂರರ ಕಾನರ್ ಅಮ್ಮನೊಡನೆ ಇರುತ್ತಾನೆ, ಅಪ್ಪ ಅಮೆರಿಕದಲ್ಲಿ ಬೇರೆ ಸಂಸಾರ ಹೂಡಿದ್ದಾನೆ. ಅಮ್ಮನಿಗೆ ಚಿಕಿತ್ಸೆ ನಡೆದಿದೆ. ಮಧ್ಯರಾತ್ರಿ 12 ಗಂಟೆ 7 ನಿಮಿಷಕ್ಕೆ ಹಿತ್ತಿಲ ಆಚೆಯ ಯೂ ಮರ ದೈತ್ಯನಾಗಿ ಎದ್ದು ಬಂದು, ನಾನು ಮೂರು ಕತೆ ಹೇಳುತ್ತೇನೆ, ನಾಲ್ಕನೆಯದನ್ನು ನೀನು ಹೇಳಬೇಕು ಎನ್ನುತ್ತದೆ. ಅದು ಹೇಳುವ ಕತೆಗಳು ಮಲಗುವ ಹೊತ್ತಿನ ಕತೆಗಳ ಎಲ್ಲ ನಿಯಮಗಳನ್ನೂ ಮುರಿಯುತ್ತವೆ. ಮಲತಾಯಿ ಕೊಲೆಗಾರ್ತಿಯಲ್ಲ, ಕೊಲೆ ಮಾಡಿದವನು ಎಲ್ಲರೂ ಮೆಚ್ಚುವ ರಾಜಕುಮಾರ. ಕಟುಮಾತಿನ ವೈದ್ಯನ ಪಕ್ಷದಲ್ಲಿ ನ್ಯಾಯವಿದೆ, ಸಜ್ಜನನಾದ ಪಾದ್ರಿಯ ಮನೆ ಉರುಳುತ್ತದೆ. ಒಳ್ಳೆಯವರಿಗೆ ಒಳ್ಳೆಯದಾಗುತ್ತದೆ ಎಂಬ ಲೆಕ್ಕವನ್ನು ದೈತ್ಯ ಮೊದಲೇ ಹರಿದು ಹಾಕುತ್ತಾನೆ. ಆಮೇಲೆ ಕಾನರನ ಬಾಯಿಂದ ನಾಲ್ಕನೆಯ ಕತೆ ಹೊರಡುತ್ತದೆ: ಇದೆಲ್ಲ ಮುಗಿದು ಹೋಗಲಿ ಎಂದು, ಅಮ್ಮನ ಕೈ ಬಿಟ್ಟುಬಿಡಬೇಕೆಂದು ಅವನೇ ಬಯಸಿದ್ದ. ‘ನನ್ನಿಂದ ಆಯಿತಾ’ ಎಂಬ ಪ್ರಶ್ನೆಯ ಅತಿ ಆಳದ ರೂಪ ಇದು. ಬಯಸಿದ್ದರಿಂದ ಏನೂ ಆಗುವುದಿಲ್ಲ, ಮನುಷ್ಯ ಎರಡು ವಿರುದ್ಧ ಬಯಕೆಗಳನ್ನು ಒಟ್ಟಿಗೆ ಇಟ್ಟುಕೊಳ್ಳಬಲ್ಲ ಎಂದು ದೈತ್ಯ ಹೇಳುತ್ತಾನೆ. ಅಮ್ಮ ಬದುಕುವುದಿಲ್ಲ.

ಇಲ್ಲಿ ಗಮನಿಸಬೇಕಾದ ಒಂದು ವಿವರವಿದೆ. ಅಮ್ಮನಿಗೆ ಕೊನೆಗೆ ಕೊಡುವ ಔಷಧ ಯೂ ಮರದಿಂದ ತೆಗೆದದ್ದು. ಪ್ಯಾಕ್ಲಿಟ್ಯಾಕ್ಸೆಲ್, ಡೋಸಿಟ್ಯಾಕ್ಸೆಲ್ ಎಂಬ ಔಷಧಗಳು ನಿಜಕ್ಕೂ ಈ ಕುಲದ ಮರಗಳಿಂದ ಬಂದವು. ಸ್ತನ ಕ್ಯಾನ್ಸರಿಗೆ ಕರ್ನಾಟಕದ ಆಸ್ಪತ್ರೆಗಳಲ್ಲಿಯೂ ಇವನ್ನು ಕೊಡುತ್ತಾರೆ. ದೈತ್ಯ ಬಂದದ್ದು ಅಮ್ಮನನ್ನು ಉಳಿಸಲು ಎಂದು ಕಾನರ್ ನಂಬುತ್ತಾನೆ, ಓದುಗನೂ ನಂಬುತ್ತಾನೆ. ಬಂದದ್ದು ಹುಡುಗನಿಗಾಗಿ. ಕತೆ ಕಾಯಿಲೆ ವಾಸಿಮಾಡುವುದಿಲ್ಲ ಎಂಬುದನ್ನು ಇಷ್ಟು ಗಟ್ಟಿಯಾಗಿ ಹೇಳಿದ ಮಕ್ಕಳ ಕಾದಂಬರಿ ವಿರಳ. 2016ರಲ್ಲಿ ಜೆ. ಎ. ಬಯೋನಾ ನಿರ್ದೇಶಿಸಿದ ಸಿನಿಮಾ ಕೊನೆಗೆ ಒಂದು ದೃಶ್ಯ ಸೇರಿಸಿತು: ಅಮ್ಮನ ಹಳೆಯ ಚಿತ್ರಪುಸ್ತಕದಲ್ಲಿ ಅದೇ ದೈತ್ಯನ ಚಿತ್ರ ಕಾನರನಿಗೆ ಸಿಗುತ್ತದೆ. ಕತೆ ತಾಯಿಯಿಂದ ಮಗನಿಗೆ ಇಳಿದು ಬಂತು ಎಂಬ ಈ ಸೇರ್ಪಡೆ ಹಿತವಾಗಿದೆ, ಆದರೆ ಪುಸ್ತಕದ ಬಿಗಿಯನ್ನು ಸಡಿಲಿಸುತ್ತದೆ. ಪುಸ್ತಕದ ಕಾನರನಿಗೆ ರಾತ್ರಿ ಕತೆ ಹೇಳಲು ಮನೆಯಲ್ಲಿ ಯಾರೂ ಇಲ್ಲ. ಅಮ್ಮನೂ ಅಜ್ಜಿಯೂ ನಿಜವನ್ನು ಮುಂದೂಡುತ್ತ ಬಂದಿದ್ದಾರೆ. ಮರ ಎದ್ದು ಬರಬೇಕಾದದ್ದು ಅದಕ್ಕೇ. ಹನ್ನೆರಡು ದಾಟಿದವರು ಓದಬೇಕಾದ ಪುಸ್ತಕ ಇದು, ಅದೂ ಹಗಲಲ್ಲಿ. ದೊಡ್ಡವರು ಮೊದಲು ಓದಿದರೆ ಇನ್ನೂ ಒಳ್ಳೆಯದು.

ಅಮ್ಮನಿಗೆ ಗಡ್ಡೆಯಾಗಿದೆ, ಕೂದಲು ಯಾಕೆ ಉದುರುತ್ತದೆ ಎಂದು ಚಿತ್ರಸಹಿತ ವಿವರಿಸುವ ಕಿರುಪುಸ್ತಕಗಳು ಇಂಗ್ಲಿಷಿನಲ್ಲಿ ಸಾಕಷ್ಟಿವೆ. ಅವು ಹಗಲಿನ ಮಾತಿಗೆ ಒಳ್ಳೆಯ ಊರುಗೋಲು. ಕತೆ ಎಂದು ಅವನ್ನು ರಾತ್ರಿ ಓದುವುದು ಮಾತ್ರ ಮಗುವಿಗೆ ಮಾಡುವ ಮೋಸ. ಅವುಗಳಲ್ಲಿ ಕತೆ ಇರುವುದಿಲ್ಲ.

ಇನ್ನು ಓದುವ ರೀತಿ. ಕನ್ನಡದ ಮನೆಗಳಿಗೆ ಕತೆ ಹೇಳುವುದು ಹಳೆಯದು, ಪುಸ್ತಕ ಹಿಡಿದು ಮಲಗುವಾಗ ಓದುವುದು ಹೊಸದು. ಕಾಯಿಲೆಯ ಮನೆಯಲ್ಲಿ ಎರಡಕ್ಕೂ ಅದರದ್ದೇ ಅನುಕೂಲವಿದೆ. ಬಾಯಿಂದ ಹೇಳುವ ಕತೆಗೆ ಕನ್ನಡಕ ಬೇಡ, ದೀಪ ಬೇಡ, ಎದ್ದು ಕೂರುವ ತ್ರಾಣವೂ ಬೇಡ. ಕಣ್ಣು ಮುಚ್ಚಿಕೊಂಡೇ ಹೇಳಬಹುದು. ಆದರೆ ಹೇಳುವವರ ಜೊತೆಗೇ ಆ ಕತೆ ಆಸ್ಪತ್ರೆಗೆ ಹೋಗುತ್ತದೆ. ‘ಅಮ್ಮ ಹೇಳೋ ಥರ ಹೇಳು’ ಎಂದರೆ ಅಪ್ಪನ ಬಳಿ ಉತ್ತರವಿಲ್ಲ. ಪುಸ್ತಕದಲ್ಲಿ ಮಾತುಗಳು ಅಲ್ಲೇ ಇರುತ್ತವೆ. ಓದುವವರು ಬದಲಾದರೂ ಮೊಸಳೆ ಬಾಯಿ ತೆರೆಯುವುದು ಅದೇ ಪುಟದಲ್ಲಿ. ಅಮ್ಮನಿಗೆ ಅಡ್ಮಿಷನ್ ಆದ ರಾತ್ರಿಗಳಲ್ಲಿ ಈ ಸಣ್ಣ ಖಾತ್ರಿಗೆ ಬೆಲೆ ಹೆಚ್ಚು. ಹೀಗಾಗಿ ಕಾಯಿಲೆ ಜೋರಾಗುವ ಮುನ್ನವೇ ಮನೆಯ ಇಬ್ಬರು ಮೂವರು ದೊಡ್ಡವರು ಅದೇ ಪುಸ್ತಕಗಳನ್ನು ಓದಿ ಮಗುವಿಗೆ ಪರಿಚಿತರಾಗಿರುವುದು ಒಳ್ಳೆಯದು.

ಯಾರು ಯಾವಾಗ ಓದಬೇಕೆಂಬುದನ್ನು ಮನಸ್ಸಿಗಿಂತ ಮೈ ತೀರ್ಮಾನಿಸುತ್ತದೆ. ಕ್ಯಾನ್ಸರಿಗೆ ಕೊಡುವ ಕೀಮೊ ಸಾಮಾನ್ಯವಾಗಿ ಎರಡು ಮೂರು ವಾರಗಳಿಗೊಮ್ಮೆ. ಕೊಟ್ಟ ಮೊದಲ ದಿನಗಳಲ್ಲಿ ವಾಕರಿಕೆ, ಸುಸ್ತು. ಆಮೇಲೆ ಬಾಯಿ ಹುಣ್ಣು, ಆಗ ಗಟ್ಟಿಯಾಗಿ ಓದುವುದೇ ಶಿಕ್ಷೆ. ಬಿಳಿ ರಕ್ತಕಣ ಇಳಿಯುವುದು ಬಹುತೇಕ ಒಂದರಿಂದ ಎರಡು ವಾರದ ನಡುವೆ. ಶೀತ ಕೆಮ್ಮು ಇರುವ ಮಗು ಆಗ ಮೈಗೆ ಅಂಟಿ ಕೂರುವಂತಿಲ್ಲ. ಹೊರಗಿನಿಂದ ಕೊಡುವ ವಿಕಿರಣ ಚಿಕಿತ್ಸೆಗೆ ಇಂಥ ತಡೆ ಇಲ್ಲ: ರೋಗಿಯ ಮೈಯಲ್ಲಿ ವಿಕಿರಣ ಉಳಿಯುವುದಿಲ್ಲ, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬಹುದು. ಥೈರಾಯಿಡ್ ಕ್ಯಾನ್ಸರಿಗೆ ವಿಕಿರಣಶೀಲ ಅಯೋಡಿನ್ ಕುಡಿದವರು ಮಾತ್ರ ವೈದ್ಯರು ಹೇಳಿದಷ್ಟು ದಿನ ಮಕ್ಕಳಿಂದ ದೂರವಿರಬೇಕು; ಆ ದಿನಗಳ ಓದು ಮುಚ್ಚಿದ ಬಾಗಿಲ ಆಚೆಯಿಂದ, ಇಲ್ಲವೇ ಫೋನಿನಲ್ಲಿ. ಡಯಾಲಿಸಿಸ್ ಎಂದರೆ ವಾರಕ್ಕೆ ಎರಡು ಮೂರು ದಿನ, ಪ್ರತಿಸಲ ಸುಮಾರು ನಾಲ್ಕು ಗಂಟೆ. ಆ ಸಂಜೆಗಳನ್ನು ಕತೆಯಿಂದ ಬಿಡುಗಡೆ ಮಾಡಿ ಮರುದಿನಕ್ಕೆ ಇಟ್ಟುಕೊಳ್ಳುವುದೇ ವಾಸಿ. ಲಕ್ವ ಹೊಡೆದು ಮಾತು ಹೋದ ಅಪ್ಪನಿಗೆ ಮಗುವೇ ಓದುತ್ತದೆ. ತೊದಲುವವರು ಈಗ ಇಬ್ಬರು, ನಾಚಿಕೊಳ್ಳುವಂಥದ್ದೇನೂ ಇಲ್ಲ. ಖಿನ್ನತೆಯ ಮನೆಯ ಕಷ್ಟ ಬೇರೆ: ಅಮ್ಮ ಪಕ್ಕದಲ್ಲೇ ಇದ್ದಾಳೆ, ದನಿ ಇಲ್ಲ. ಅಲ್ಲಿ ಅಪ್ಪ ಓದುವಾಗ ಆಕೆ ಸುಮ್ಮನೆ ಒರಗಿ ಕೂತರೂ ಓದಿದ ಲೆಕ್ಕಕ್ಕೇ ಸೇರಬೇಕು.

ಅಮೆರಿಕದ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ಸಂಭಾಷಣೆಯ ಓದಿನ ಕ್ರಮ ಈಗ ಶಾಲೆಗಳಲ್ಲಿ ಜನಪ್ರಿಯ. ದೊಡ್ಡವರು ನಡುನಡುವೆ ಪ್ರಶ್ನೆ ಕೇಳುತ್ತ ಮಗುವನ್ನೇ ಕತೆಗಾರನನ್ನಾಗಿ ಮಾಡುವುದು ಅದರ ತಿರುಳು. ಮಾತು ಬೆಳೆಯಲು ಅದು ಒಳ್ಳೆಯ ಉಪಾಯ. ಕಾಯಿಲೆಯ ಮನೆಯಲ್ಲಿ ಅದೇ ಉಪಾಯ ವಿಚಾರಣೆಯಾಗಿಬಿಡುತ್ತದೆ. ‘ಮೊಲಕ್ಕೆ ಯಾಕೆ ಬೇಜಾರಾಯ್ತು ಪುಟ್ಟಾ? ನಿಂಗೂ ಹಂಗೇ ಅನ್ಸುತ್ತಾ?’ ಎಂದು ಕೆದಕಿದರೆ ಮಗು ಬಾಗಿಲು ಹಾಕಿಕೊಳ್ಳುತ್ತದೆ. ಇದಕ್ಕಿಂತ ನಮ್ಮ ಹಳೆಯ ಹೂಂಗುಟ್ಟುವಿಕೆಯೇ ವಾಸಿ. ಕೇಳುವವರು ವಾಕ್ಯಕ್ಕೊಂದು ‘ಹೂಂ’ ಹೇಳಬೇಕು, ಇಲ್ಲದಿದ್ದರೆ ಕತೆ ಮುಂದೆ ಹೋಗುವುದಿಲ್ಲ. ಹೂಂ ನಿಂತರೆ ಎರಡೇ ಅರ್ಥ: ಮಗು ನಿದ್ದೆ ಹೋಗಿದೆ, ಇಲ್ಲವೇ ಏನೋ ಯೋಚಿಸುತ್ತಿದೆ. ಎರಡನೆಯದಾದರೆ ಓದುವವರು ತಾವೂ ನಿಲ್ಲಿಸಿ ಕಾಯಬೇಕು. ಪ್ರಶ್ನೆ ಬರಬೇಕಾದದ್ದು ಆ ಕಡೆಯಿಂದ.

ದುಃಖದ ಮನೆಗೆ ದುಃಖದ ಪುಸ್ತಕವೇ ಬೇಕೆಂದು ಭಾವಿಸಿ ನಗೆಯ ಪುಸ್ತಕಗಳನ್ನು ಅಟ್ಟಕ್ಕೆ ಹಾಕುವುದು ಎಲ್ಲರೂ ಮಾಡುವ ತಪ್ಪು. ಜಿ. ಪಿ. ರಾಜರತ್ನಂ ಅವರ ಶಿಶುಗೀತೆಗಳು, ಪಂಜೆ ಮಂಗೇಶರಾಯರ ಕತೆಗಳು ಈ ಮನೆಗೆ ಎರಡು ಪಟ್ಟು ಬೇಕು. ಅದೇ ಪುಸ್ತಕವನ್ನು ಮಗು ಮತ್ತೆ ಮತ್ತೆ ಕೇಳಿದರೆ ಓದುವವರಿಗೆ ಬೇಸರ ಬರುವುದು ಸಹಜ. ಆದರೆ ಕೊನೆ ಏನೆಂದು ಮೊದಲೇ ಗೊತ್ತಿರುವ ಸಂಗತಿ ಆ ಮನೆಯಲ್ಲಿ ಅದೊಂದೇ ಇದ್ದೀತು. ಅಮ್ಮ ಓದಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಡುವುದು ಈಗ ಸುಲಭ. ಮುಂದೆ ಯಾವತ್ತೋ ಕೇಳಲಿ ಎಂದು ಗಂಭೀರವಾಗಿ ಮಾತಾಡಿ ಇಡುವ ಸಂದೇಶಗಳಿಗಿಂತ, ಮಗು ನಡುವೆ ಬಾಯಿ ಹಾಕಿದ, ಅಮ್ಮ ಸಾಲು ತಪ್ಪಿ ಓದಿ ನಕ್ಕ, ಕುಕ್ಕರ್ ಕೂಗಿದ ಸಾಧಾರಣ ರಾತ್ರಿಯ ಧ್ವನಿಮುದ್ರಣವೇ ಬಾಳಿಕೆ ಬರುತ್ತದೆ.

ಈ ರೂಢಿಗೆ ಮಿತಿಗಳೂ ಇವೆ. ಅಮೆರಿಕದ ಮಕ್ಕಳ ವೈದ್ಯರ ಸಂಘ 2014ರಲ್ಲಿ, ಎಳೆಯ ಕೂಸಿನಿಂದಲೇ ಗಟ್ಟಿಯಾಗಿ ಓದಿ ಹೇಳಬೇಕೆಂದು ಸೂಚಿಸಿತು. ಆ ಸೂಚನೆ ಭಾಷೆ ಮತ್ತು ಬಾಂಧವ್ಯದ ಬೆಳವಣಿಗೆಯ ದೃಷ್ಟಿಯದು, ಕಾಯಿಲೆಯ ಮನೆಯನ್ನು ನೆನೆದದ್ದಲ್ಲ. ಅದನ್ನು ತೋರಿಸಿ ಬಳಲಿದ ಮನೆಯವರ ಮೇಲೆ ಇನ್ನೊಂದು ಕರ್ತವ್ಯ ಹೇರುವುದು ಅನ್ಯಾಯ. ಆಫೀಸು, ಆಸ್ಪತ್ರೆ, ಅಡುಗೆ ಮೂರನ್ನೂ ಹೊತ್ತ ಅಪ್ಪನಿಗೆ ರಾತ್ರಿ ಹತ್ತಕ್ಕೆ ದನಿಯೇ ಉಳಿದಿರುವುದಿಲ್ಲ. ಅಂದು ಒಂದು ಪುಟ ಸಾಕು, ಅಥವಾ ಚಿಕ್ಕಪ್ಪ ಓದಲಿ. ಹದಿನಾಲ್ಕರ ಮಗಳಿಗೆ ಈ ಕೂಟದಲ್ಲಿ ಕೂರಲು ಇಷ್ಟವಿಲ್ಲದಿದ್ದರೆ ಬಲವಂತ ಬೇಡ; ಪಕ್ಕದ ಕೋಣೆಯಿಂದ ಅವಳು ಕೇಳಿಸಿಕೊಳ್ಳುತ್ತಿರುತ್ತಾಳೆ. ತೀವ್ರ ಭಯ, ವಾರಗಟ್ಟಲೆ ನಿದ್ದೆಗೇಡು, ಶಾಲೆಯಲ್ಲಿ ಹಠಾತ್ ಕುಸಿತ ಕಂಡರೆ ಕತೆಯನ್ನು ನೆಚ್ಚಿ ಕೂರದೆ ಮಕ್ಕಳ ಮನೋವೈದ್ಯರ ಹತ್ತಿರ ಹೋಗಬೇಕು. ಅಮ್ಮ ಉಳಿಯದಿದ್ದರೆ, ಅಂದಿನಿಂದ ಕತೆ ನಿಲ್ಲಿಸುವುದು ಮಗುವಿಗೆ ಎರಡನೆಯ ನಷ್ಟ. ಸೂತಕದ ಮನೆಯಲ್ಲಿ ಕತೆ ಓದಿದರೆ ಯಾರೇನು ಅಂದುಕೊಂಡಾರು ಎಂಬ ಅಳುಕನ್ನು ಹಿರಿಯರೇ ಮುಂದೆ ನಿಂತು ತೆಗೆಯಬೇಕು.

ಪುಸ್ತಕದ ವಿಷಯಕ್ಕೆ ಬಂದರೆ ಕನ್ನಡದ ಮನೆಗಳ ಕೈ ಬಹಳ ಬಡವಾಗಿದೆ. ಅಂಗಡಿಯ ಮಕ್ಕಳ ಕಪಾಟಿನಲ್ಲಿ ಪಂಚತಂತ್ರ, ತೆನಾಲಿ ರಾಮಕೃಷ್ಣ, ನೀತಿಕತೆ ಸಾಲಾಗಿವೆ; ಕಾಯಿಲೆ ಬಿದ್ದ ಅಪ್ಪ ಅಮ್ಮನ ಚಿತ್ರಪುಸ್ತಕ ಸುಲಭಕ್ಕೆ ಸಿಗುವುದಿಲ್ಲ. ಕನ್ನಡದ ಮಕ್ಕಳ ಲೇಖಕರು ಪುಣ್ಯಕೋಟಿಯಷ್ಟು ನೇರವಾಗಿ ಮಾತಾಡುವ, ಆದರೆ ಹುಲಿಯ ಕರುಣೆಯನ್ನು ನಂಬಿಕೊಳ್ಳದ ಒಂದು ಕತೆ ಬರೆಯಬೇಕಿದೆ. ಅದರಲ್ಲಿ ಅಜ್ಜಿಯ ಮನೆಗೆ ಕಳಿಸಲ್ಪಟ್ಟ ಮಗು ಇರಲಿ, ಸರ್ಕಾರಿ ಆಸ್ಪತ್ರೆಯ ಸರದಿ ಇರಲಿ, ಅಮ್ಮನ ತಲೆಗೆ ಕಟ್ಟಿದ ದುಪಟ್ಟಾ ಇರಲಿ. ಅಚ್ಚಿನ ಖರ್ಚು ನೆಪವಾಗಬೇಕಿಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡವೂ ಸೇರಿ ಹಲವು ಭಾಷೆಗಳ ಚಿತ್ರಪುಸ್ತಕಗಳನ್ನು ಯಾರು ಬೇಕಾದರೂ ಉಚಿತವಾಗಿ ಓದಬಹುದು, ಅನುವಾದಿಸಬಹುದು, ಮುದ್ರಿಸಿಕೊಳ್ಳಬಹುದು, ಹೊಸದನ್ನು ಬರೆದು ಸೇರಿಸಬಹುದು. ಕ್ಯಾನ್ಸರ್, ಡಯಾಲಿಸಿಸ್ ವಿಭಾಗಗಳ ವೈದ್ಯರೂ ದಾದಿಯರೂ ಒಬ್ಬ ಕತೆಗಾರರನ್ನು ಜೊತೆಗೆ ಕೂರಿಸಿಕೊಂಡು ಇಪ್ಪತ್ತು ಪುಟದ ಒಂದು ಪುಸ್ತಕ ಮಾಡಲಿ, ಅದರ ಪ್ರತಿಗಳನ್ನು ರೋಗಿಗಳು ಕಾಯುವ ಬೆಂಚಿನ ಪಕ್ಕ ಇಡಲಿ.